ವೆರೈಟಿ, ವೇರಿಯೇಷನ್ ಮತ್ತು ನನ್ನ ನೌಕರಿ

ಇಂಗ್ಲಿಷ್ ಮೇಷ್ಟ್ರಾದವನಿಗೆ ತರಗತಿಯಲ್ಲಿ ಹೇಳಿಕೊಟ್ಟ ಪದಗಳು ಮನೆತನಕ ಬೆನ್ನು ಹತ್ತಿ ಬರುತ್ತವೆ. ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಜಯನಗರದ ಒಂದು ಹೈಸ್ಕೂಲಿನಲ್ಲಿದ್ದೆ. ನೌಕರಿ ತಾತ್ಕಾಲಿಕ. ಇನ್ಸ್‌ಪೆಕ್ಟರು ಬಂದು ನನ್ನ ಪಾಠ ನೋಡಿ ಒಪ್ಪಿದರೆ ಖಾಯಂ, ಇಲ್ಲದಿದ್ದರೆ ಮನೆಗೆ. ಅವರಿಗೆ ಹತ್ತಿರದ ಪದಗಳ ವ್ಯತ್ಯಾಸ ಹೇಳಿಕೊಡುವ ಪಾಠ ಇಷ್ಟವಂತೆ. ಹೆಡ್ ಮಾಸ್ಟರು ನನಗೆ ‘ವೆರೈಟಿ’, ‘ವೇರಿಯೇಷನ್’ ಎರಡನ್ನೂ ಗಂಟುಹಾಕಿದರು. ಬೇರೆ ಬೇರೆ ಬಗೆಗಳು ಒಟ್ಟಿಗಿದ್ದರೆ ವೆರೈಟಿ, ಒಂದೇ ವಸ್ತು ಅಷ್ಟಿಷ್ಟು ಬದಲಾದರೆ ವೇರಿಯೇಷನ್. ಉದಾಹರಣೆ ಹುಡುಕಲು ಹೊರಟಾಗ ಶುರುವಾಯಿತು ನೋಡಿ.

ಅಡುಗೆಮನೆ

ಅವರೆಕಾಯಿಯ ಕಾಲ. ಸೋಮವಾರ ಅವರೆಕಾಳು ಉಪ್ಪಿಟ್ಟು, ಮಂಗಳವಾರ ಅವರೆಕಾಳು ರೊಟ್ಟಿ, ಬುಧವಾರ ಮತ್ತೆ ಉಪ್ಪಿಟ್ಟು, ಈ ಸಲ ಕಾಯಿತುರಿ ಜಾಸ್ತಿ. ಹೆಂಡತಿಯ ಎದುರು ಪಾಠ ಒಪ್ಪಿಸಿ ನೋಡಿದೆ. ಅವಳು ಪೂರ್ತಿ ಕೇಳಿ, “ಸರಿ ರೀ, ನಮ್ಮನೇಲಿ ನಡೀತಿರೋದು ಯಾವ್ದು?” ಅಂದಳು.

ಸತ್ಯ ಹೇಳುವ ಚಟ. “ವೇರಿಯೇಷನ್,” ಅಂದೆ.

ಮರುದಿನ ತಟ್ಟೆಯಲ್ಲಿ ಬೆಳ್ಳಗೆ ಏನೋ ಇತ್ತು. “ಇದೇನೇ?” ಎಂದು ಕೇಳಿದೆ.

“ತಂಗಳನ್ನ, ಮಜ್ಜಿಗೆ. ಇದಕ್ಕೆ ಇಂಗ್ಲಿಷ್ ಬೇಡ, ತಿನ್ನಿ.”

ಸಾಲುಮನೆ

ನಮ್ಮ ಮನೆಯ ಓನರು ಪಕ್ಕದ ಸಾರಕ್ಕಿ ಹಳ್ಳಿಯವರು. ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಒಂದೇ ಅಚ್ಚಿನ ನಾಲ್ಕು ಮನೆ ಕಟ್ಟಿಸಿದ್ದರು. ಗೇಟಿನ ಬಣ್ಣ ಮಾತ್ರ ಬೇರೆ. ಗೋಡೆಗೆ ಮೊಳೆ ಹೊಡೆಯುವವರನ್ನು ಕಂಡರೆ ಅವರಿಗೆ ಆಗುತ್ತಿರಲಿಲ್ಲ.

ಒಂದು ಭಾನುವಾರ ಸೀದಾ ಒಳಗೆ ನುಗ್ಗಿ, “ಏನ್ ಮೇಷ್ಟ್ರೇ, ಓದ್ದೋರಾಗಿ ಗೋಡೇಗೆ ಮೊಳೆ ಹೊಡೀತೀರಲ್ಲ!” ಎಂದು ಕೂಗಾಡಿದರು. ಗೋಡೆಯನ್ನೆಲ್ಲ ತಡವಿದರು. ಮೊಳೆ ಇಲ್ಲ. ಮೊಳೆ ಇದ್ದದ್ದು ಪಕ್ಕದ ಮನೆಯಲ್ಲಿ.

ಸಿಕ್ಕಿದ್ದೇ ಸಮಯವೆಂದು ನಾನು ಅವರಿಗೂ ಪಾಠ ಮಾಡಿದೆ. “ಇವು ವೇರಿಯೇಷನ್ ಮನೆಗಳು ಯಜಮಾನ್ರೇ. ವೆರೈಟಿ ಕಟ್ಟಿಸಿದ್ರೆ ನಿಮಗೆ ಗುರ್ತು ಸಿಕ್ತಿತ್ತು.”

ಅವರು ಬಾಗಿಲ ಕಡೆ ತಿರುಗಿದರು. “ಹಂಗಾದ್ರೆ ಅವ್ರ ಮೊಳೆ ಅಲ್ಲೇ ಇರ್ಲಿ, ನಂಗೆ ಗುರ್ತಾಗುತ್ತೆ. ನೀವು ಮಾತ್ರ ಹೊಡೀಬೇಡಿ.”

ಇನ್ಸ್‌ಪೆಕ್ಷನ್

ಆ ದಿನ ಬಂದೇ ಬಂತು. ಇಸ್ತ್ರಿ ಮಾಡಿದ ಷರಟು ಹಾಕಿದ್ದೆ. ಹಿಂದಿನ ಬೆಂಚಿನಲ್ಲಿ ಇನ್ಸ್‌ಪೆಕ್ಟರು, ಪಕ್ಕದಲ್ಲಿ ಹೆಡ್ ಮಾಸ್ಟರು. ಮನೆಯ ಅನುಭವ ಸಾಕಾಗಿತ್ತು, ತಿಂಡಿಯ ಉದಾಹರಣೆ ಬಿಟ್ಟು ಹೂವುಗಳನ್ನು ಹಿಡಿದುಕೊಂಡೆ. ಮಲ್ಲಿಗೆ, ಕನಕಾಂಬರ, ಸೇವಂತಿಗೆ ಸೇರಿದರೆ ವೆರೈಟಿ. ಒಂದೇ ಗಿಡದ ಸೇವಂತಿಗೆಯಲ್ಲಿ ಒಂದು ದೊಡ್ಡದು, ಒಂದು ಚಿಕ್ಕದಾದರೆ ವೇರಿಯೇಷನ್. ಪ್ರಶ್ನೆ ಕೇಳುವ ಮೊದಲೇ ಎಲ್ಲ ಕೈಗಳೂ ಮೇಲೆ. ಇನ್ಸ್‌ಪೆಕ್ಟರು ತಲೆದೂಗಿದರು. ಗೆದ್ದೆ ಅಂದುಕೊಂಡೆ.

ಆಗ ಅವರು ಮುಂದಿನ ಬೆಂಚಿನ ಹುಡುಗಿಯನ್ನು ಎಬ್ಬಿಸಿದರು. “ಮೇಷ್ಟ್ರು ಹೇಳಿದ್ದು ಬೇಡಮ್ಮ. ವೇರಿಯೇಷನ್‌ಗೆ ನಿಂದೇ ಒಂದು ಉದಾಹರಣೆ ಕೊಡು.”

ಅವಳು ಚೂರೂ ತಡವರಿಸಲಿಲ್ಲ. “ಈ ಪಾಠ ಸಾರ್. ನೀವು ಬರ್ತೀರ ಅಂತ ದಿನಾ ಇದನ್ನೇ ಮಾಡ್ತಿದಾರೆ. ನಿನ್ನೆ ಗುಲಾಬಿ ಇತ್ತು, ಇವತ್ತು ಸೇವಂತಿಗೆ.”

ಹೆಡ್ ಮಾಸ್ಟರು ಕಿಟಕಿಯಾಚೆ ನೋಡತೊಡಗಿದರು. ನನಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು.

“ಮತ್ತೆ ವೆರೈಟಿ?” ಇನ್ಸ್‌ಪೆಕ್ಟರು ಬಿಡಲಿಲ್ಲ.

“ಅದು ನೀವು ಹೋದ್ಮೇಲೆ ಸಾರ್. ಬೇರೆ ಬೇರೆ ಪಾಠ ಮಾಡ್ತಾರಂತೆ.”

ಹೊರಗೆ ಬಂದ ಇನ್ಸ್‌ಪೆಕ್ಟರು ಕನ್ನಡಕ ತೆಗೆದು ಒರೆಸಿಕೊಂಡರು. ನಾನು ಕೈಕಟ್ಟಿ ನಿಂತಿದ್ದೆ.

“ವ್ಯತ್ಯಾಸ ಮಕ್ಕಳಿಗೆ ಚೆನ್ನಾಗಿ ಅರ್ಥ ಆಗಿದೆ ಮೇಷ್ಟ್ರೇ. ಖಾಯಂ ಮಾಡೋಕೆ ಬರೀತೀನಿ. ಇಲ್ದಿದ್ರೆ ಪಾಪ, ಮುಂದಿನ ಇನ್ಸ್‌ಪೆಕ್ಷನ್ ತನಕ ಅವು ಇದನ್ನೇ ಕೇಳ್ಬೇಕಲ್ಲ!”