ಹಳದಿ ಕಾರು, ನಾಲ್ಕು ಡಿಗ್ರಿ ಚಳಿ ಮತ್ತು ನಾನು

ಕಾರು ಓಡಿಸುವ ವಿಷಯದಲ್ಲಿ ನನಗೆ ಯಾರೂ ಪಾಠ ಹೇಳಬೇಕಾಗಿಲ್ಲ ಎಂಬುದು ಕಳೆದ ಜನವರಿಯವರೆಗೂ ನನ್ನ ದೃಢವಾದ ಅಭಿಪ್ರಾಯವಾಗಿತ್ತು. ಹಾಸನದಲ್ಲಿ ಕಲಿತವನು, ಕುವೈತಿನಲ್ಲಿ ಪಳಗಿದವನು. ಮೇಲಾಗಿ ಮೆಕ್ಯಾನಿಕಲ್ ಇಂಜಿನಿಯರ್!

ಆದ್ದರಿಂದ ನಮ್ಮ ಕಂಪನಿಯ ಮಾಲೀಕರಾದ ಅಬು ಸಾಲೆಮ್ ಲಂಡನ್ನಿಗೆ ಹೊರಡುವ ಮುನ್ನ ತಮ್ಮ ಹಳದಿ ಸ್ಪೋರ್ಟ್ಸ್ ಕಾರಿನ ಕೀ ನನ್ನ ಕೈಗಿಟ್ಟಾಗ ಆಶ್ಚರ್ಯವಾಗಲಿಲ್ಲ. ಇಷ್ಟು ತಡವಾಗಿ ಕೊಟ್ಟರಲ್ಲಾ ಎಂದಷ್ಟೇ ಅನ್ನಿಸಿತು.

"ಚಳಿಯಲ್ಲಿ ನಿಂತೇ ಇದ್ದರೆ ಬ್ಯಾಟರಿ ಸಾಯುತ್ತೆ. ವಾರಕ್ಕೊಮ್ಮೆ ಸ್ವಲ್ಪ ಓಡಿಸು," ಎಂದರು. "ಆದರೆ ಇದಕ್ಕಿರೋದು ಬೇಸಿಗೆಯ ಟಯರು, ಚಳಿಯಲ್ಲಿ ಜಾರುತ್ತೆ. ಅದು ಬಿಸಿಯಾಗೋವರೆಗೂ ನಿಧಾನ."

ಕುವೈತಿನಲ್ಲಿ ಕೂತು ಟಯರು ಬಿಸಿಯಾಗುವುದಿಲ್ಲವೆಂದು ಚಿಂತಿಸುವವರನ್ನು ನಾನು ನೋಡಿದ್ದು ಅದೇ ಮೊದಲು. ಜುಲೈನಲ್ಲಿ ಇಲ್ಲಿ ಸ್ಟೀರಿಂಗ್ ಮುಟ್ಟಬೇಕಾದರೆ ಇಕ್ಕಳ ಬೇಕು! "ಖಲಾಸ್, ಮಾತು ಮುಗೀತು, ನನಗೆ ಬಿಡಿ," ಎಂದೆ.

ಆ ಶುಕ್ರವಾರ ನಮ್ಮ ಕನ್ನಡಿಗರ ಬಳಗದ ಸಂಕ್ರಾಂತಿ. ಊರಾಚೆ ಮರಳುಗಾಡಿನಲ್ಲಿ ಡೇರೆ ಹಾಕಿ ತಿಂಡಿ, ಹಾಡು, ಆಟ. ಅರವತ್ತು ಜನಕ್ಕೆ ಎಳ್ಳು-ಬೆಲ್ಲ ಹಂಚುವ ಹೊಣೆ ನನ್ನ ಹೆಂಡತಿ ಸುಮಾಳದು. ಐದು ದಿನ ಕೂತು ಕೊಬ್ಬರಿ ಹೆಚ್ಚಿ, ಬೆಲ್ಲ ಚೂರು ಮಾಡಿ, ಎರಡು ಬೆರಳಿಗೆ ಪ್ಲಾಸ್ಟರ್ ಹಾಕಿಕೊಂಡಿದ್ದಳು.

"ರೀ, ನಮ್ಮ ಕಾರಲ್ಲೇ ಹೋಗೋಣ," ಎಂದಳು.

"ಬ್ಯಾಟರಿ ಸಾಯುತ್ತೆ ಕಣೇ. ಇದು ಮೋಜಲ್ಲ, ಕರ್ತವ್ಯ."

ಆ ಕಾರಿಗೆ ಎರಡೇ ಸೀಟು. ಮಗಳು ಅನನ್ಯಾಳನ್ನು ಪಕ್ಕದ ಮನೆಯವರ ಜೊತೆ ಮೊದಲೇ ಕಳಿಸಿದೆವು. "ಅಪ್ಪಾ, ಪ್ಲೀಸ್ ಡೋಂಟ್ ಡೂ ದಿಸ್," ಎಂದು ಹೇಳಿಯೇ ಹೋದಳು.

ಬೆಳಿಗ್ಗೆ ಏಳು ಗಂಟೆ. ಹೊರಗೆ ನಾಲ್ಕು ಡಿಗ್ರಿ. ನಾನು ಕಾರಿನ ಬೆಳ್ಳಿ ಬಣ್ಣದ ಹೊದಿಕೆಯನ್ನು ಮಡಿಸಿ ಸೀಟಿನ ಹಿಂದೆ ತುರುಕಿ, ಮಂಕಿ ಕ್ಯಾಪ್ ಸರಿಮಾಡಿಕೊಂಡು ಸ್ಟಾರ್ಟ್ ಬಟನ್ ಒತ್ತಿದೆ. ತಣ್ಣಗಿದ್ದ ಇಂಜಿನ್ ಎದ್ದಿತು. ಅದರ ಜೊತೆಗೆ ನಮ್ಮ ಎಂಟು ಮಹಡಿಯ ಕಟ್ಟಡವೂ ಎದ್ದಿತು! ಈಜಿಪ್ಟಿನವನಾದ ನಮ್ಮ ಕಾವಲುಗಾರ ಒಂದೇ ಕಾಲಿಗೆ ಚಪ್ಪಲಿ ಹಾಕಿಕೊಂಡು ಓಡಿ ಬಂದ. ಗ್ಯಾಸ್ ಸಿಲಿಂಡರ್ ಸಿಡಿಯಿತು ಅಂದುಕೊಂಡಿದ್ದನಂತೆ. ನಾನು ಅವನಿಗೆ ಗಂಭೀರವಾಗಿ ಕೈಬೀಸಿ ಹೊರಟೆ.

ಮುಖ್ಯರಸ್ತೆಗೆ ಬರುವ ಹೊತ್ತಿಗೆ ಗಾಜಿನ ಒಳಗೆಲ್ಲ ಮಂಜು. ಎದುರಿಗೆ ಏನೂ ಕಾಣದು. ಪಕ್ಕಕ್ಕೆ ನಿಲ್ಲಿಸಿದೆ.

"ಬಿಸಿಗಾಳಿ ಹಾಕ್ರೀ," ಎಂದಳು ಸುಮಾ, ತೊಡೆಯ ಮೇಲಿನ ಎಳ್ಳು-ಬೆಲ್ಲದ ಡಬ್ಬಿಯನ್ನು ತಬ್ಬಿಕೊಂಡು.

ಸೀಟುಗಳ ನಡುವೆ ಒಂದು ಸ್ವಿಚ್ಚಿತ್ತು. ಅದರ ಮೇಲೆ ಕಾರಿನ ಚಿತ್ರ, ಚಿತ್ರದ ಮೇಲೊಂದು ಬಾಗಿದ ಬಾಣ. ಇಂಜಿನಿಯರಿಗೆ ಇಷ್ಟು ಸಾಕಲ್ಲವೇ? ಗಾಳಿ ಬರಲಿ ಎಂದು ಹೆಬ್ಬೆರಳಿನಿಂದ ಬಲವಾಗಿ ಒತ್ತಿ ಹಿಡಿದೆ.

ಗಾಳಿ ಬಂತು. ಆಕಾಶದಿಂದ ನೇರವಾಗಿ ಬಂತು! ಕಾರಿನ ಛಾವಣಿ ಮಡಚಿಕೊಂಡು ಹಿಂದಕ್ಕೆ ಹೋಗಿ ಮಾಯವಾಗಿತ್ತು.

"ಮುಚ್ಚಿ!" ಎಂದಳು ಸುಮಾ.

ಒತ್ತಿದೆ. ಮುಚ್ಚಲಿಲ್ಲ. ಎರಡು ಸಲ, ಹತ್ತು ಸಲ, ಬೆರಳು ಬದಲಿಸಿ ಒತ್ತಿದೆ. ಕೊನೆಗೆ ಮೊಣಕೈಯಿಂದಲೂ ಒತ್ತಿದೆ. ಆಕಾಶ ಹಾಗೇ ಇತ್ತು.

"ಛಾವಣಿ ಕೆಟ್ಟುಹೋಗಿದೆ," ಎಂದು ತೀರ್ಪು ಕೊಟ್ಟೆ. ಆದರೆ ಇದು ಅಬು ಸಾಲೆಮ್ ಮಗನಿಗೂ ಮುಟ್ಟಲು ಬಿಡದ ಕಾರು. ಕೆಲಸ ಹೋಗಿ, ಇಲ್ಲಿ ವಾಸಿಸುವ ಪರವಾನಗಿಯಾದ ಇಕಾಮಾ ರದ್ದಾಗಿ, ಹಾಸನದ ಬಸ್‌ಸ್ಟ್ಯಾಂಡಿನಲ್ಲಿ ಸೂಟ್‌ಕೇಸಿನ ಜೊತೆ ಇಳಿಯುವ ನನ್ನ ಚಿತ್ರ ಕಣ್ಣಮುಂದೆ ಬಂತು.

ಎಳ್ಳು-ಬೆಲ್ಲವಿಲ್ಲದೆ ಸಂಕ್ರಾಂತಿ ನಡೆಯದು. ಹೋಗಲೇಬೇಕು. ಸುಮಾ ರೇಷ್ಮೆ ಸೀರೆಯಲ್ಲಿ ಗಡಗಡ ನಡುಗುತ್ತಿದ್ದಳು. ಕಾರಿನ ಹೊದಿಕೆಯನ್ನು ಎಳೆದು ಇಬ್ಬರಿಗೂ ಕುತ್ತಿಗೆಯವರೆಗೆ ಸುತ್ತಿದೆ. ಬೆಳ್ಳಿ ಮೂಟೆಯೊಂದರಿಂದ ಎರಡು ತಲೆ, ಎರಡು ಕೈ ಹೊರಗೆ! ಸ್ವಲ್ಪ ಜೋರಾಗಿ ಹೋದರೆ ಗಾಳಿ ಕಿವಿ ಕತ್ತರಿಸುತ್ತಿತ್ತು. ಹಾಗಾಗಿ ಗಂಟೆಗೆ ಇನ್ನೂರೈವತ್ತು ಕಿಲೋಮೀಟರ್ ಓಡಲೆಂದು ಹುಟ್ಟಿದ ಕಾರು ಮದುವೆ ದಿಬ್ಬಣದಂತೆ ಸಾಗಿತು. ನೀರಿನ ಟ್ಯಾಂಕರ್ ನಮ್ಮನ್ನು ಹಿಂದೆ ಹಾಕಿತು. ಅದಾದ ಮೇಲೆ ಹಾರ್ನ್ ಹೊಡೆಯುತ್ತಾ ಕಾರ್ಮಿಕರ ಬಸ್ಸೊಂದು ಹೋಯಿತು. ಪಕ್ಕದ ಕಾರುಗಳಲ್ಲಿ ಫೋನ್‌ಗಳು ಮೇಲೆದ್ದವು.

"ರೀ, ಹೀಗೆ ಹೋದರೆ ಯುಗಾದಿಗೆ ಮುಟ್ಟುತ್ತೀವಿ. ಆಕ್ಸಿಲರೇಟರ್ ಸ್ವಲ್ಪ ಒತ್ತಿ."

ಅದು ಅರ್ದಿಯಾ ಹತ್ತಿರದ ಗೋದಾಮುಗಳ ಮುಂದಿನ ವೃತ್ತ. ನನ್ನೊಳಗಿನ ಹಾಸನದ ಗಂಡಸು ಎದ್ದ. ಸ್ವಲ್ಪವೇ ಒತ್ತಿದೆ.

ಕಾರಿನ ಹಿಂಭಾಗ ಮುಂಭಾಗವನ್ನು ನೋಡಲು ಬಂತು! ಸರಿಯಾಗಿ ಒಂದೂವರೆ ಸುತ್ತು ತಿರುಗಿ, ವೃತ್ತದ ನಡುವಿನ ಮರಳಿನ ಮೇಲೆ ಏರಿ, ಬಂದ ದಾರಿಗೇ ಮುಖಮಾಡಿ ನಿಂತೆವು. ಯಾರಿಗೂ ಏನೂ ಆಗಲಿಲ್ಲ, ಕಾರಿಗೆ ಗೀರೂ ಬೀಳಲಿಲ್ಲ. ಆದರೆ ಡಬ್ಬಿಯ ಮುಚ್ಚಳ ಹಾರಿತ್ತು. ಒಂದು ಕ್ಷಣ ಕುವೈತಿನಲ್ಲಿ ಎಳ್ಳು-ಬೆಲ್ಲದ ಮಳೆ. ನನ್ನ ಮಂಕಿ ಕ್ಯಾಪಿನ ಮೇಲೆ ಒಂದು ಸಕ್ಕರೆ ಅಚ್ಚು ಬಂದು ಕೂತಿತು.

ಸುಮಾ ಪ್ಲಾಸ್ಟರ್ ಹಾಕಿದ ಬೆರಳಿನಿಂದ ಆ ಅಚ್ಚನ್ನು ಎತ್ತಿ ಡಬ್ಬಿಗೆ ಹಾಕಿದಳು. ಅದು ಬೈದದ್ದಕ್ಕಿಂತ ಕೆಟ್ಟದಾಗಿತ್ತು.

ಪೊಲೀಸ್ ಕಾರು ಬಂತು. ಇಳಿದ ಯುವ ಅಧಿಕಾರಿ ಹಳದಿ ಕಾರನ್ನೂ ಟಯರಿನ ಗುರುತನ್ನೂ ನೋಡಿ, "ರೇಸಾ?" ಎಂದ. ಆಮೇಲೆ ಬೆಳ್ಳಿ ಮೂಟೆ ಕಂಡಿತು. ಮಂಕಿ ಕ್ಯಾಪ್ ಕಂಡಿತು. ಸುಮಾಳ ಜಡೆಯ ಮಲ್ಲಿಗೆಯೂ ಕಂಡಿತು.

"ನೀವು... ಇಬ್ಬರೂ ಆರೋಗ್ಯವಾಗಿದ್ದೀರಾ?" ಎಂದು ಬಹಳ ಮೆಲ್ಲಗೆ ಕೇಳಿದ.

ಸುಮಾ ತಳದಲ್ಲಿ ಉಳಿದಿದ್ದ ಎಳ್ಳು-ಬೆಲ್ಲ ಅವನ ಅಂಗೈಗೆ ಹಾಕಿ, "ಹಬ್ಬ, ತಗೊಳ್ಳಿ," ಎಂದಳು. ಅವನು ತಿಂದ. ಇನ್ನೊಮ್ಮೆ ಕೈ ಚಾಚಿದ. ನಂತರ ಗೋದಾಮಿನಿಂದ ನಾಲ್ಕು ಜನರನ್ನು ಕರೆದು, "ಯಲ್ಲಾ, ತಳ್ಳಿ!" ಎಂದು ತಾನೂ ಕೈ ಹಾಕಿ ಕಾರನ್ನು ರಸ್ತೆಗೆ ತಳ್ಳಿಸಿದ.

ಛಾವಣಿಗಾಗಿ ನಾನು ಶುವೈಖ್‌ನಲ್ಲಿ ಗ್ಯಾರೇಜ್ ಇಟ್ಟಿರುವ ಉಡುಪಿಯ ಸದಾನಂದರಿಗೆ ಫೋನ್ ಮಾಡಿದೆ. ರಜಾದಿನದ ನಿದ್ದೆ ಬಿಟ್ಟು ಬಂದರು. ಹೈಡ್ರಾಲಿಕ್ ಒತ್ತಡ, ಚಳಿಗೆ ಗಟ್ಟಿಯಾದ ಎಣ್ಣೆ, ಸೆನ್ಸರ್ ಎಂದು ನಾನು ಐದು ನಿಮಿಷ ವಿವರಿಸಿದೆ. ಅವರು ತಾಳ್ಮೆಯಿಂದ ಕೇಳಿ, ಒಂದು ಬೆರಳನ್ನು ಸ್ವಿಚ್ಚಿನ ಕೆಳಗೆ ಹಾಕಿ ಮೇಲಕ್ಕೆತ್ತಿ ಹಿಡಿದರು. ಛಾವಣಿ ಬಂದು ಮುಚ್ಚಿಕೊಂಡಿತು.

"ಒತ್ತಿದ್ರೆ ತೆರೀತದೆ, ಎತ್ತಿದ್ರೆ ಮುಚ್ತದೆ ಮಾರಾಯ್ರೇ," ಎಂದರು. "ನೀವು ಇಂಜಿನಿಯರ್ ಅಲ್ವಾ?"

"ಅಲ್ಲ," ಎಂದಳು ಸುಮಾ.

ಡೇರೆ ಮುಟ್ಟಿದಾಗ ತಿಂಡಿ ಮುಗಿದಿತ್ತು. ನಮ್ಮ ವಿಡಿಯೊ ಮಾತ್ರ ನಮಗಿಂತ ಮೊದಲೇ ಅಲ್ಲಿಗೆ ಮುಟ್ಟಿತ್ತು. "ಐ ಡೋಂಟ್ ನೋ ದೆಮ್," ಎಂದು ಅನನ್ಯಾ ಗೆಳತಿಯರಿಗೆ ಹೇಳುತ್ತಿದ್ದಳು.

ಎರಡು ವಾರದ ಮೇಲೆ ಅಬು ಸಾಲೆಮ್ ವಾಪಸಾದರು. ತಪ್ಪೊಪ್ಪಿಗೆಯನ್ನು ಬಾಯಿಪಾಠ ಮಾಡಿಕೊಂಡು ಅವರ ಕೋಣೆಗೆ ಹೋದೆ. ಅವರು ಫೋನ್ ನನ್ನತ್ತ ತಿರುಗಿಸಿದರು. ನೀರಿನ ಟ್ಯಾಂಕರ್ ನಮ್ಮನ್ನು ಹಿಂದೆ ಹಾಕುತ್ತಿತ್ತು! ಬಾಯಿಪಾಠ ಮರೆತು, "ಬ್ಯಾಟರಿ..." ಎಂದೆ. ಅವರೋ ಕಣ್ಣೊರೆಸಿಕೊಳ್ಳುವಷ್ಟು ನಗುತ್ತಿದ್ದರು. "ನನ್ನ ತಾಯಿ ಇದನ್ನು ದಿನಾ ಹಾಕಿಸಿಕೊಂಡು ನೋಡ್ತಾರೆ," ಎಂದರು. ಕೆಲಸ ಉಳಿಯಿತು.

ಮೊನ್ನೆ ಅವರು ಮತ್ತೆ ಪ್ರವಾಸ ಹೊರಟರು. ನನ್ನನ್ನು ಕರೆದಾಗ ಕುತ್ತಿಗೆ ತಾನಾಗಿ ನೆಟ್ಟಗಾಯಿತು. ನಂಬಿಕೆ ಎಂದರೆ ಇದು! ಈ ಸಲ ಅವರು ಒಂದು ಗಿಳಿಯ ಪಂಜರವನ್ನು ಮೇಜಿನ ಮೇಲಿಟ್ಟರು.

"ಕಾಳು ಹಾಕು, ನೀರು ಕೊಡು," ಎಂದರು. "ಎಲ್ಲಿಗೂ ಕರೆದುಕೊಂಡು ಹೋಗಬೇಡ. ಮತ್ತೆ, ಪಂಜರದ ಬಾಗಿಲನ್ನು ಮಾತ್ರ ನಿನ್ನ ಹೆಂಡತಿಯೇ ತೆಗೆಯಲಿ."