ಕೆಂಪು ಮೂತಿ ಹುಳುವಿಗೆ ನಾನು ಕೊಟ್ಟ ಆಮಂತ್ರಣ

ವಿಜ್ಞಾನವನ್ನು ಕಥೆಯಷ್ಟು ಸೊಗಸಾಗಿ ಬರೆಯಬಲ್ಲವರು ಇಡೀ ತುರುವೇಕೆರೆ ತಾಲ್ಲೂಕಿನಲ್ಲಿ ನಾನೊಬ್ಬಳೇ ಎಂದು ನಂಬಿದ್ದೆ. ಬೇರೆ ಯಾರೂ ಬರೆಯುತ್ತಿರಲಿಲ್ಲವಾದ್ದರಿಂದ ಆ ನಂಬಿಕೆಗೆ ಧಕ್ಕೆಯೇನೂ ಬಂದಿರಲಿಲ್ಲ. ಥೈರಾಯಿಡ್, ಮಂಡಿನೋವು, ಸೊಳ್ಳೆಯ ಸಂಸಾರ, ಗುಬ್ಬಚ್ಚಿ ಎಲ್ಲಿ ಹೋಯಿತು, ಹೀಗೆ ನಮ್ಮ ಕಡೆಯ ವಾರಪತ್ರಿಕೆಯೊಂದರಲ್ಲಿ ನಾನು ಬರೆಯದ ವಿಷಯವಿಲ್ಲ. ಓದುಗರು ಮಾತ್ರ ಇಬ್ಬರು. ಒಬ್ಬರು ಪ್ರೂಫ್ ನೋಡುವವರು. ಇನ್ನೊಬ್ಬರು ನಮ್ಮ ಯಜಮಾನರು ರುದ್ರೇಶ್. ಇವರು ಎರಡನೇ ಪ್ಯಾರಾ ಮುಗಿಯುವುದರೊಳಗೆ ಗೊರಕೆ ಹೊಡೆಯುತ್ತಿದ್ದರು.

ಹೋದ ವರ್ಷ ಬೇಸಿಗೆಯಲ್ಲಿ ಸಂಪಾದಕರು ಫೋನ್ ಮಾಡಿದರು.

"ಮೇಡಂ, ಮಾಹಿತಿ ಸಾಕು. ಮಾಹಿತಿ ಮೊಬೈಲಲ್ಲೇ ಸಿಗುತ್ತೆ. ದೀಪಾವಳಿ ವಿಶೇಷಾಂಕಕ್ಕೆ ನಿಮ್ಮ ಸ್ವಂತ ಅನುಭವ ಬರೀರಿ. ಕಥೆ ಥರ ಇರಬೇಕು, ಆದ್ರೆ ಪೂರ್ತಿ ನಿಜ ಆಗಿರಬೇಕು."

ನನಗೋ, ಅನುಭವವೇ ಇರಲಿಲ್ಲ. ಥೈರಾಯಿಡ್ ಕೂಡ ನಮ್ಮ ನಾದಿನಿಯದು! ಆದ್ದರಿಂದ ಒಂದು ಅನುಭವವನ್ನು ತಯಾರು ಮಾಡುವುದೆಂದು ಸರ್ವಾನುಮತದಿಂದ ತೀರ್ಮಾನವಾಯಿತು. ಸಭೆಯಲ್ಲಿ ನಾನೊಬ್ಬಳೇ ಇದ್ದೆ.

ಆಗ ಮಾಯಸಂದ್ರದ ಕಡೆ ತೆಂಗಿಗೆ ಕೆಂಪು ಮೂತಿ ಹುಳು ಬಿದ್ದಿದೆ ಎಂಬ ಸುದ್ದಿ ಹಬ್ಬಿತ್ತು. ಉದ್ದ ಮೂತಿಯ, ನೋಡಲು ಸಾಧುವಿನಂತೆ ಕಾಣುವ ಹುಳು. ಎಳೆ ಮರದಲ್ಲಿ ಎಲ್ಲಾದರೂ ಗಾಯವಿದ್ದರೆ ಅಲ್ಲಿ ಮೊಟ್ಟೆಯಿಡುತ್ತದೆ. ಮರಿಗಳು ಕಾಂಡದೊಳಗೇ ಕೂತು ತಿನ್ನುತ್ತವೆ. ಹೊರಗಿನಿಂದ ಮರ ಹಸಿರಾಗಿಯೇ ಇರುತ್ತದೆ, ನಮಗೆ ಗೊತ್ತಾಗುವ ಹೊತ್ತಿಗೆ ಎಲ್ಲ ಮುಗಿದಿರುತ್ತದೆ. ಇದಕ್ಕೆ ಮೋಹಕ ಬಲೆ ಎಂಬ ಉಪಾಯವಿದೆ. ಒಂದು ಬಕೆಟ್ಟು, ಅದರ ಮೈಗೆ ತೂತು, ಮುಚ್ಚಳದೊಳಗೆ ಗಂಡು ಹುಳುವಿನ ವಾಸನೆಯ ಪೊಟ್ಟಣ, ತಳದಲ್ಲಿ ಬಾಳೆಹಣ್ಣು, ಬೆಲ್ಲ, ಔಷಧಿ ಕಲಸಿದ ನೀರು. ವಾಸನೆ ಹಿಡಿದು ಬಂದ ಹುಳು ಒಳಗೆ ಬಿದ್ದು ಸಾಯುತ್ತದೆ. ನಾಟಕೀಯ! ರೋಚಕ! ನಾನು ತುರುವೇಕೆರೆಗೆ ಹೋಗಿ ಒಂದು ಬಲೆ ತಂದೆ.

"ಎಲ್ಲಿ ಕಟ್ತೀಯೇ ಇದನ್ನ?" ಎಂದರು ಯಜಮಾನರು.

"ತೋಟದ ಮಧ್ಯೆ ಕಟ್ಟಬಾರ್ದಂತೆ ರೀ. ಹುಳನ ನಾವೇ ಮನೆಗೆ ಕರೆದಂಗಾಗುತ್ತಂತೆ. ಅಂಚಿಗೆ ಕಟ್ಬೇಕು."

"ನಮ್ಮ ಅಂಚು ಅಂದ್ರೆ ಅತ್ತಿಗೆ ತೋಟ ಶುರುವಾಗೋ ಜಾಗ ಅಲ್ವೇನೇ?"

"ಅಂಚು ಅಂದ್ರೆ ಅಂಚು ರೀ! ವಿಜ್ಞಾನದಲ್ಲಿ ಅತ್ತಿಗೆ, ಮೈದುನ ಅಂತೆಲ್ಲ ಇರಲ್ಲ."

ಅವರ ಅನುಮಾನಕ್ಕೆ ಅರ್ಥವಿತ್ತು. ನಮ್ಮ ತೋಟವೂ ಗಿರಿಜಕ್ಕನ ತೋಟವೂ ಮೊದಲು ಒಂದೇ ಆಗಿದ್ದವು. ಗಿರಿಜಕ್ಕ ನನ್ನ ವಾರಗಿತ್ತಿ, ನಮ್ಮ ಭಾವನ ಹೆಂಡತಿ. ಅಣ್ಣತಮ್ಮಂದಿರು ಪಾಲಾದಾಗ ನಡುವೆ ಕತ್ತಾಳೆ ಬೇಲಿ ಬಂತು. ಬೇಲಿಯಾಚೆ ಮೊದಲ ಮರ ನಮ್ಮ ಭಾವ ತೀರಿಹೋಗುವ ವರ್ಷ ತಾವೇ ಗುಂಡಿ ತೆಗೆದು ನೆಟ್ಟಿದ್ದು. ಅದರ ಕಾಯನ್ನು ಅವರು ಕಾಣಲಿಲ್ಲ. ಮರ ಫಲಕ್ಕೆ ಬಂದಾಗಿನಿಂದ ಪ್ರತಿ ವರ್ಷ ಅವರ ತಿಥಿಗೆ ಗಿರಿಜಕ್ಕ ಅದೇ ಮರದ ಕಾಯಿ ಒಡೆಯುತ್ತಿದ್ದಳು. ಬೇರೆ ಮರದ್ದು ಮುಟ್ಟುತ್ತಿರಲಿಲ್ಲ. ಇದೆಲ್ಲ ನನಗೆ ಗೊತ್ತಿತ್ತು. ಆದರೆ ಅಡುಗೆಮನೆ ಕಿಟಕಿಯಿಂದ ನೆಟ್ಟಗೆ ಕಾಣುವುದು ಬೇಲಿಯ ಆ ಮೂಲೆಯೊಂದೇ. ಲೇಖಕಿ ಕೂತಲ್ಲಿಂದ ವೀಕ್ಷಿಸಬೇಕಲ್ಲ! ಅಲ್ಲೇ ಒಂದು ಗೂಟ ನೆಟ್ಟು ಬಕೆಟ್ಟು ನೇತುಹಾಕಿದೆ.

"ಏನೇ ವಿಶಾಲೂ, ಅದೇನೇ ಬಕೀಟು?" ಎಂದು ಬೇಲಿಯಾಚೆಯಿಂದ ಕೇಳಿದಳು ಗಿರಿಜಕ್ಕ.

ನಾನು ಸವಿಸ್ತಾರವಾಗಿ ವಿವರಿಸಿದೆ. ಅವಳು ಅರ್ಧ ಕೇಳಿ, "ಬುಡಮ್ಮ, ನೀನು ಓದ್ದೋಳು. ನೀನು ಕಟ್ಟಿದ್ಮೇಲೆ ನಂಗ್ಯಾಕೆ ಚಿಂತೆ" ಎಂದು ಸೆರಗಿನಲ್ಲಿ ಕೈ ಒರೆಸಿಕೊಂಡು ಹೋದಳು. ಮುಂದಿನ ಸೋಮವಾರ ದೇವಸ್ಥಾನದಲ್ಲಿ, "ನಮ್ಮ ವಿಶಾಲು ಎರಡೂ ತೋಟಕ್ಕೆ ಕಾವಲು ಮಾಡವ್ಳೆ" ಎಂದು ನಾಲ್ಕು ಜನರ ಮುಂದೆ ಹೇಳಿದಳಂತೆ. ನನ್ನ ಲೇಖನಗಳಿಗೆ ಅದುವರೆಗೆ ಬಂದಿದ್ದ ಎಲ್ಲ ಮೆಚ್ಚುಗೆಯನ್ನು ಒಟ್ಟು ಸೇರಿಸಿದರೂ ಅದರಷ್ಟಾಗುತ್ತಿರಲಿಲ್ಲ.

ಬಕೆಟ್ಟಿಗೆ ಹುಳು ಬಿದ್ದವು. ಬಿದ್ದವು ಎಂದರೆ ಮದುವೆ ಮನೆಯ ಎರಡನೇ ಪಂಕ್ತಿಗೆ ಬಿದ್ದ ಹಾಗೆ! ನಾನು ದಿನವೂ ಮುಚ್ಚಳ ತೆಗೆದು ನೋಡಿ ಹಿಗ್ಗಿದೆ. ಇಷ್ಟೊಂದು ಹುಳು ನಮ್ಮೂರಲ್ಲಿ ಇದ್ದವೇ ಎಂದು ಯಜಮಾನರು ಕೇಳಿದಾಗ, "ಅದಕ್ಕೇ ಬಲೆ ಕಟ್ಟಿದ್ದು" ಎಂದು ಗದರಿದೆ. ನಮ್ಮೂರಲ್ಲಿ ಇರಲಿಲ್ಲ, ನಾನು ಕರೆಸಿಕೊಳ್ಳುತ್ತಿದ್ದೇನೆ ಎಂಬ ಸಣ್ಣ ವಿಚಾರ ನನ್ನ ದೊಡ್ಡ ತಲೆಗೆ ಹೊಳೆಯಲಿಲ್ಲ.

ಆಮೇಲೆ ಬರೆಯಲು ಕೂತೆ. ಬರವಣಿಗೆ ಎಂದರೆ ತಪಸ್ಸು ಎಂದು ಯಾರೋ ನನಗೆ ಹೇಳಿಬಿಟ್ಟಿದ್ದರು. ತಪಸ್ಸಿಗೆ ಕೂತವರು ಎದ್ದು ಹೋಗಿ ಬಕೆಟ್ಟಿಗೆ ನೀರು ಹಾಕುತ್ತಾರೆಯೇ?

"ವಿಶಾಲೂ, ಬಕೆಟ್ಟಿಗೆ ನೀರು ಹಾಕಿದ್ಯಾ? ಬಿಸಿಲು ಕೆಟ್ಟದಾಗಿದೆ."

"ಹುಳು ಸಾಯೋ ಪ್ಯಾರಾದಲ್ಲಿದೀನಿ ರೀ, ಮಾತಾಡಿಸ್ಬೇಡಿ!"

ಕಾಗದದ ಮೇಲೆ ಹುಳುಗಳು ಅದ್ಭುತವಾಗಿ ಸತ್ತವು. ಬಕೆಟ್ಟಿನಲ್ಲಿ ನೀರು ಆರಿ ತಳ ಒಣಗಿತ್ತು. ವಾಸನೆಯ ಪೊಟ್ಟಣ ಮಾತ್ರ ಪ್ರಾಮಾಣಿಕವಾಗಿ ಹಗಲೂ ರಾತ್ರಿ ಹುಳುಗಳನ್ನು ಕರೆಯುತ್ತಲೇ ಇತ್ತು. ಬಂದ ಅತಿಥಿಗಳು ಒಳಗೆ ಇಣುಕಿ, ಎಲೆ ಹಾಕಿಲ್ಲವೆಂದು ಕಂಡು, ಹತ್ತಿರದ ಮರಕ್ಕೆ ಹೋದವು. ನಾನು ಕೊನೆಯ ಸಾಲು ಬರೆದು, ಅದನ್ನು ನಾನೇ ಮೆಚ್ಚಿ, ಲೇಖನ ಕಳಿಸಿದೆ. ಸಂಪಾದಕರಿಗೂ ಬಹಳ ಹಿಡಿಸಿತು.

ಮಳೆಗಾಲ ಕಳೆಯುವ ಹೊತ್ತಿಗೆ ಒಂದು ಸಂಜೆ ಗಿರಿಜಕ್ಕ ಕೂಗಿದಳು. ಭಾವನ ಮರಕ್ಕೆ ಕಿವಿಯಿಟ್ಟು ನಿಂತಿದ್ದಳು.

"ಬಾರೇ ಇಲ್ಲಿ. ಒಳಗೆ ಏನೋ ಅಗೀತಾ ಐತೆ ಕಣೇ."

ನಾನೂ ಕಿವಿಯಿಟ್ಟೆ. ಕರಕರ ಕರಕರ ಎಂದು ಸ್ಪಷ್ಟವಾಗಿ ಕೇಳುತ್ತಿತ್ತು. ಈಗ ಹೇಳುವುದಕ್ಕೂ ಅಸಹ್ಯವಾಗುತ್ತದೆ, ಆ ಕ್ಷಣ ನನಗಾದದ್ದು ಸಂತೋಷ. ಎಂಥ ಪ್ಯಾರಾ! ಲೇಖನ ಕಳಿಸುವ ಮುಂಚೆ ಇದು ಸಿಕ್ಕಿದ್ದರೆ! ಮೊಬೈಲ್ ತೆಗೆದು ಕಾಂಡಕ್ಕೆ ಹಿಡಿದು ಸದ್ದನ್ನು ರೆಕಾರ್ಡ್ ಕೂಡ ಮಾಡಿಕೊಂಡೆ. ಗಿರಿಜಕ್ಕ ಅದೂ ಏನೋ ಚಿಕಿತ್ಸೆ ಇರಬೇಕೆಂದುಕೊಂಡು, "ಆ ಕಡೆನೂ ಹಿಡಿಯೇ" ಎಂದು ಜಾಗ ಬಿಟ್ಟಳು.

ಯಜಮಾನರು ಬಂದರು. ಮರದ ತೂತಿನಿಂದ ಇಳಿಯುತ್ತಿದ್ದ ಕಂದು ರಸವನ್ನು ನೋಡಿದರು. ಬೇಲಿ ದಾಟಿ ಬಕೆಟ್ಟಿನ ಮುಚ್ಚಳ ತೆಗೆದರು. ಒಳಗೆ ಒಣಗಿದ ಬಾಳೆಸಿಪ್ಪೆಯ ಮೇಲೆ ಒಂದು ಹುಳು ಜೀವಂತವಾಗಿ, ಆರಾಮವಾಗಿ ಓಡಾಡುತ್ತಿತ್ತು. ಬಕೆಟ್ಟನ್ನು ನನ್ನ ಕೈಗೆ ಕೊಟ್ಟು, ಔಷಧಿ ತರಲು ಗಾಡಿ ಸ್ಟಾರ್ಟ್ ಮಾಡಿದರು. ಗಿರಿಜಕ್ಕ ಬಕೆಟ್ಟನ್ನೂ ನೋಡಿದಳು, ನನ್ನನ್ನೂ ನೋಡಿದಳು.

ತೂತಿಗೆ ಔಷಧಿ ಸುರಿದು ಮಣ್ಣು ಮೆತ್ತಿದೆವು. ಕರಕರ ನಿಂತಿತು. ನಾನು ಕುಣಿಯುವುದೊಂದು ಬಾಕಿ. ಮಾರನೇ ವಾರ ಮರದ ಸುಳಿ ವಾಲಿಕೊಂಡಿತು. ಒಳಗೆ ತಿನ್ನಲು ಏನೂ ಉಳಿದಿರಲಿಲ್ಲ, ಅದಕ್ಕೇ ಸದ್ದು ನಿಂತಿದ್ದು. ಮರ ಕಡಿಯುವವರು ಬಂದು ಉರುಳಿಸಿದರು. ಗಿರಿಜಕ್ಕ ಬಿದ್ದ ಮರದ ಗೊನೆಯಲ್ಲಿ ಬಲಿತ ಕಾಯಿಗಾಗಿ ಹುಡುಕಿದಳು. ಎಲ್ಲ ಎಳೆಯವು, ತಿಥಿಯವರೆಗೆ ಇಡಲು ಬಾರದವು. ಒಂದೊಂದನ್ನೇ ಅಲ್ಲಾಡಿಸಿ ನೋಡಿ, ಕೆಳಗಿಟ್ಟು, ಒಳಗೆ ಹೋದಳು. ನಾನು ಬೇಲಿ ಈಚೆ ನಿಂತಿದ್ದೆ. ಅತ್ತರೆ ನಾಟಕವಾಗುತ್ತದೆಂದು ಅಳಲೂ ಇಲ್ಲ.

ಆ ದಿನವೇ ಸಂಪಾದಕರಿಗೆ ಫೋನ್ ಮಾಡಿದೆ. "ಸಾರ್, ನನ್ನ ಲೇಖನ..." ಎಂದೆ.

"ಅಮೋಘವಾಗಿದೆ ಮೇಡಂ! ಪುಟ ಅಚ್ಚಿಗೆ ಹೋಯ್ತು. ನಿಜವಾದ ಅನುಭವಕ್ಕೆ ಇರೋ ತೂಕವೇ ಬೇರೆ. ಏನಾದ್ರೂ ಬದಲಾವಣೆ ಇತ್ತಾ?"

ಇತ್ತು. ಪ್ರತಿ ಸಾಲೂ ಬದಲಾಗಬೇಕಿತ್ತು. ನಾನು ಹೇಳಿದ್ದೇನು ಗೊತ್ತೇ? "ಏನಿಲ್ಲ ಸಾರ್, ಫೋಟೋ ಒಳ್ಳೇದು ಹಾಕಿ." ಮನುಷ್ಯರ ಬಾಯಿಂದ ಇಂಥ ಮಾತು ಹೇಗೆ ಬರುತ್ತದೆ ಎಂಬುದರ ಬಗ್ಗೆ ವಿಜ್ಞಾನಿಗಳು ಸಂಶೋಧನೆ ಮಾಡುವುದಾದರೆ ನಾನು ಸಿದ್ಧಳಿದ್ದೇನೆ.

ವಿಶೇಷಾಂಕ ಬಂತು. ನಾನು ಬೀರುವಿನಲ್ಲಿ ಸೀರೆ ಕೆಳಗೆ ಇಟ್ಟೆ. ಆದರೆ ಪತ್ರಿಕೆ ಊರಿನ ಅಂಗಡಿಗೂ ಬರುತ್ತದಲ್ಲ. ಮಧ್ಯಾಹ್ನ ಗಿರಿಜಕ್ಕ ಅದನ್ನು ಹಿಡಿದುಕೊಂಡು ಬಂದು ನಮ್ಮ ಜಗಲಿಯಲ್ಲಿ ಕೂತಳು. ಅವಳ ಕಣ್ಣಿಗೆ ಪೊರೆ ಬಂದಿದೆ, ಸಣ್ಣ ಅಕ್ಷರ ಕಾಣುವುದಿಲ್ಲ.

"ನೀನು ಬರೆದಿದ್ದೀಯಂತೆ. ಓದು, ಕೇಳ್ತೀನಿ."

"ಆಮೇಲೆ ಓದ್ತೀನಿ ಅಕ್ಕ, ಒಲೆ ಮೇಲೆ ಸಾರಿದೆ."

"ಸಾರು ಅವ್ನು ನೋಡ್ಕೋತಾನೆ. ಓದೇ."

ಯಜಮಾನರು ನನ್ನ ಮುಖ ನೋಡದೆ ಎದ್ದು ಅಡುಗೆಮನೆಗೆ ಹೋದರು.

ಓದಿದೆ. ಬಲೆ ತಂದದ್ದು, ಕಟ್ಟಿದ್ದು, ಹುಳುಗಳು ಬಂದು ಬಂದು ಬಿದ್ದದ್ದು, ಒಂದೊಂದರ ಸಾವನ್ನೂ ನಾನು ವರ್ಣಿಸಿದ್ದು. ಗಿರಿಜಕ್ಕ ಮುಂದಕ್ಕೆ ಬಾಗಿ ಕೇಳಿದಳು. ಯಾವ ಓದುಗರೂ ನನ್ನನ್ನು ಇಷ್ಟು ಗಮನವಿಟ್ಟು ಕೇಳಿದ್ದಿಲ್ಲ. ಕೊನೆಯ ಸಾಲು ಬಂತು. ಬೇಸಿಗೆಯಲ್ಲಿ ನಾನೇ ಮೆಚ್ಚಿಕೊಂಡ ಸಾಲು. ನುಂಗಲು ನೋಡಿದೆ, ಗಿರಿಜಕ್ಕ ಕಾಯುತ್ತಿದ್ದಳು.

"ಈ ಪುಟ್ಟ ಪ್ರಯೋಗದ ಫಲ ನಮ್ಮ ತೋಟಕ್ಕಷ್ಟೇ ಅಲ್ಲ, ಬೇಲಿಯಾಚೆಯ ಅಕ್ಕನ ತೋಟಕ್ಕೂ ತಲುಪಿತು" ಎಂದು ಓದಿದೆ.

"ಹೂಂ," ಎಂದಳು ಗಿರಿಜಕ್ಕ. "ತಲುಪ್ತು ಕಣೇ. ಮುಂದೆ ಓದು."

ಮುಂದೆ ಇದ್ದದ್ದು ಹಲ್ಲು ಕಿರಿದ ನನ್ನ ಫೋಟೋ ಒಂದೇ. ಅದನ್ನು ಹೇಗೆ ಓದಲಿ!