ಐದು ಮೊಳೆಗಳ ದೈವದರ್ಶನ

ಫೋಟೋ ತೆಗೆಯುವುದಕ್ಕಿಂತ ಸುಲಭದ ಕೆಲಸ ಲೋಕದಲ್ಲಿ ಇನ್ನೊಂದಿಲ್ಲ ಎಂದು ಹೋದ ವರ್ಷ ಇದೇ ಹೊತ್ತಿಗೆ ನಾನು ದೃಢವಾಗಿ ನಂಬಿದ್ದೆ. ಪೆಟ್ಟಿಗೆಯಂಥ ಕ್ಯಾಮೆರಾ. ಮುಂದೆ ಒಂದು ಕಣ್ಣು, ಪಕ್ಕದಲ್ಲಿ ಒಂದು ಕಿವಿ. ಕಿವಿ ಹಿಂಡಿದರೆ ಫೋಟೋ! ನನ್ನ ಕಿವಿಯನ್ನು ಮಾಸ್ತರುಗಳು ವರ್ಷಗಟ್ಟಲೆ ಹಿಂಡಿದ್ದಾರೆ, ಏನೂ ಹೊರಗೆ ಬರಲಿಲ್ಲ. ಇದರಿಂದಾದರೂ ಬರುತ್ತದಲ್ಲ ಎಂದುಕೊಂಡೆ.

ಅಪ್ಪ ಹೋಗಿ ನಾಲ್ಕು ತಿಂಗಳಾಯಿತು. ನಗಬಾರದು ಎಂದು ಮನೆಯಲ್ಲಿ ಯಾರೂ ಹೇಳಿಲ್ಲ. ಆದರೂ ಯಾರೂ ನಗುತ್ತಿಲ್ಲ. ಅಮ್ಮ ಊಟಕ್ಕೆ ಕರೆಯುತ್ತಾಳೆ, ನಾನು ಉಣ್ಣುತ್ತೇನೆ, ಅಷ್ಟೆ. ಅದಕ್ಕೇ ಅಪ್ಪನಿಗಾಗಿ ನಾನು ಮಾಡಿದ ಒಂದೇ ಒಂದು ದೊಡ್ಡ ಕೆಲಸದ ಕಥೆ ಬರೆಯುತ್ತಿದ್ದೇನೆ. ಓದಿ ಯಾರಾದರೂ ನಕ್ಕರೆ ಬೇಸರವಿಲ್ಲ. ನಗುವುದಕ್ಕೇ ಲಾಯಕ್ಕಾದ ಕೆಲಸ ಅದು.

ಅಪ್ಪ ಕಡಬದಿಂದ ಕೋಡಿಂಬಾಳದ ಕಡೆಗೆ ಟಪಾಲು ಹಂಚುತ್ತಿದ್ದರು. ಇಪ್ಪತ್ತಾರು ವರ್ಷ, ಅದೇ ಕಾಲುದಾರಿ. ಆ ದಾರಿಯಲ್ಲಿ ಐದು ಕಡೆ ಚೀಲ ಕೆಳಗಿಟ್ಟು ಕೈಮುಗಿಯುತ್ತಿದ್ದರು. ಮೊದಲು ಒಂದು ಹುತ್ತ. ಆಮೇಲೆ ಒಂದು ಕಾಸರಕನ ಮರ. ಬಂಡೆಯ ಸಂದಿನಲ್ಲಿ ಒಂದು ಒರತೆ. ಹೊಳೆ ತಿರುಗುವ ಜಾಗ. ಐದನೆಯದು ಬರೀ ಹುಲ್ಲು ಬೆಳೆದ ಒಂದು ಗುಡ್ಡೆ. ಗುಡಿಯೂ ಇಲ್ಲ, ಕಲ್ಲೂ ಇಲ್ಲ. ಚಿಕ್ಕವನಿದ್ದಾಗ ನಾನೊಮ್ಮೆ ಕೇಳಿದ್ದೆ.

“ಅಪ್ಪ, ಇಲ್ಲಿ ಎಂತ ಉಂಟು?”

“ಉಂಟು” ಎಂದರು.

ಅವರ ಧರ್ಮಶಾಸ್ತ್ರ ಅಷ್ಟರಲ್ಲೇ ಮುಗಿಯುತ್ತಿತ್ತು.

ಹೋದ ವರ್ಷ ಅವರು ಒಬ್ಬರ ಕಾಗದವನ್ನು ಇನ್ನೊಬ್ಬರಿಗೆ ಕೊಡಲು ಶುರುಮಾಡಿದರು. ಪುತ್ತೂರಿನ ಕಣ್ಣಿನ ಡಾಕ್ಟರು ನೋಡಿ, ನನ್ನನ್ನು ಹೊರಗೆ ಕರೆದು, “ಕಣ್ಣಿನ ನರ ಒಣಗುತ್ತಾ ಉಂಟು ಮಾರಾಯ. ಮದ್ದಿಲ್ಲ. ಬರುವ ಮಳೆಗಾಲದವರೆಗೆ ಕಂಡರೆ ಪುಣ್ಯ. ಏನು ನೋಡ್ಬೇಕು ಅಂತ ಆಸೆ ಉಂಟೋ ಈಗಲೇ ತೋರಿಸಿ” ಎಂದರು.

ಮನೆಗೆ ಬಂದು ಅಪ್ಪನನ್ನು ಕೇಳಿದೆ. ಕಾಶಿ ಎನ್ನಬಹುದು, ರಾಮೇಶ್ವರ ಎನ್ನಬಹುದು ಎಂದು ಹೆದರಿದ್ದೆ. ಅವರು, “ಎಂತದೂ ಬೇಡ ಮಗಾ. ಆ ದಾರಿಯಲ್ಲಿ ಒಮ್ಮೆ ಹೋಗಿ ಬರ್ಬೇಕಿತ್ತು” ಎಂದರು. ಅದೇ ದಾರಿಯಲ್ಲಿ ಎರಡು ಸಲ ಬಿದ್ದಿದ್ದರಿಂದ ಅಮ್ಮ ಅವರನ್ನು ಅಂಗಳ ದಾಟಲು ಬಿಡುತ್ತಿರಲಿಲ್ಲ.

ಆಗ ನನ್ನ ತಲೆಯೊಳಗೆ ದೀಪ ಹತ್ತಿತು. ಅಪ್ಪ ದಾರಿಗೆ ಹೋಗಲಾಗದಿದ್ದರೆ ದಾರಿಯನ್ನೇ ಅಪ್ಪನ ಮುಂದೆ ತರುವುದು! ಐದು ಜಾಗಗಳ ಫೋಟೋ ತೆಗೆದು, ಸೋತ ಕಣ್ಣಿಗೂ ಕಾಣುವಷ್ಟು ದೊಡ್ಡದು ಮಾಡಿಸುವುದು! ನಾನು ಪುತ್ತೂರಿನಲ್ಲಿ ಬಿ.ಎ. ಓದುತ್ತಿದ್ದವನು. ಬಿ.ಎ. ಓದುವವನಿಗೆ ಆಗದ ಕೆಲಸ ಯಾವುದು?

ಕ್ಯಾಮೆರಾ ಅಕ್ಕನ ಗಂಡ ತಿಮ್ಮಪ್ಪ ಭಾವನದ್ದು. ಬೊಂಬಾಯಿಯಿಂದ ತಂದದ್ದು. ಭಾವ ಕೊಡುವಾಗ ಅರ್ಧ ಗಂಟೆ ಉಪದೇಶ ಮಾಡಿದರು. ನಾನು ಅಷ್ಟೂ ಹೊತ್ತು “ಗೊತ್ತುಂಟು ಭಾವ, ಗೊತ್ತುಂಟು” ಎನ್ನುತ್ತಿದ್ದೆ. ಹಾಗೆ ಎನ್ನುವಾಗ ಅವರು ಹೇಳಿದ ಒಂದು ಮಾತು ಕಿವಿಗೆ ಬೀಳಲಿಲ್ಲ. ಒಂದು ಫೋಟೋ ತೆಗೆದ ಮೇಲೆ ತಿರುಪು ತಿರುಗಿಸಿ ಫಿಲ್ಮನ್ನು ಮುಂದಕ್ಕೆ ಸರಿಸಬೇಕಂತೆ.

ಸ್ಟುಡಿಯೋದವರು ತೊಳೆದು ಕೈಗೆ ಕೊಟ್ಟದ್ದು ಒಂದೇ ಒಂದು ಫೋಟೋ. ಹುತ್ತದ ಮೇಲೆ ಮರ, ಮರದ ಹೊಟ್ಟೆಯಲ್ಲಿ ಹೊಳೆ, ಹೊಳೆಯ ಮೇಲೆ ಗುಡ್ಡೆ.

“ಇದು ಎಂತ? ವಿಶ್ವರೂಪವಾ?” ಎಂದರು ಸ್ಟುಡಿಯೋದವರು.

ಭಾವ ಅದನ್ನು ತಿರುಗಿಸಿ ತಿರುಗಿಸಿ ನೋಡಿ, “ಎಲ್ಲಾ ದೇವರು ಒಂದೇ ಅಂತ ದೊಡ್ಡವರು ಹೇಳಿದ್ದನ್ನು ನೀನು ಫಿಲ್ಮಿನಲ್ಲೇ ತೋರಿಸಿದ್ದಿ ಮಾರಾಯ” ಎಂದರು.

ಎರಡನೆಯ ಫಿಲ್ಮು ಹಾಕಿ, ಮತ್ತೆ ಊರಿಗೆ ಹೋಗಿ, ಪ್ರತಿ ಸಲವೂ ತಿರುಪನ್ನು ಮಂತ್ರ ಹೇಳಿದಂತೆ ತಿರುಗಿಸಿ, ಕೊನೆಗೂ ಐದು ಫೋಟೋ ಬಂತು. ಒಂದೊಂದೂ ಗೋಡೆಯ ಕ್ಯಾಲೆಂಡರಿನಷ್ಟು ದೊಡ್ಡದು ಮಾಡಿಸಿದೆ. ನಿಜ ಹೇಳುತ್ತೇನೆ, ಚೆನ್ನಾಗಿಯೇ ಇದ್ದವು. ಅಲ್ಲಿಗೆ ನಿಲ್ಲಿಸಿ ಕಟ್ಟಿಕೊಂಡು ಮನೆಗೆ ಹೋಗಬೇಕಿತ್ತು. ಬುದ್ಧಿ ಇದ್ದವನು ಹಾಗೆ ಮಾಡುತ್ತಿದ್ದ.

ನಾನು ಅವನ್ನು ನಮ್ಮ ಕಾಲೇಜಿನ ಕನ್ನಡ ಪಂಡಿತರಿಗೆ ತೋರಿಸಿದೆ. ಅವರು ಮೈಸೂರಿನ ಕಡೆಯವರು, ನಮ್ಮೂರಿಗೆ ಬಂದು ಆರು ತಿಂಗಳಾಗಿತ್ತು. ನೋಡಿ ಅವರ ಕಣ್ಣಲ್ಲಿ ನೀರೇ ಬಂತು.

“ವಾರ್ಷಿಕೋತ್ಸವಕ್ಕೆ ಪ್ರದರ್ಶನ ಇಡೋಣ ಕಣಯ್ಯಾ! ನಿಮ್ಮ ತಂದೇನೂ ಕರೆಸು. ಅವರೇ ನೋಡಿ ಉದ್ಘಾಟನೆ ಮಾಡಲಿ!”

ಅಪ್ಪನಿಗೆ ಹಾರ ಹಾಕುವುದು, ಜನ ಸುತ್ತ ನಿಲ್ಲುವುದು, ಅಪ್ಪ ಐದೂ ಜಾಗಗಳನ್ನು ಒಂದೇ ಗೋಡೆಯಲ್ಲಿ ನೋಡುವುದು, ಎಲ್ಲ ನನ್ನ ಕಣ್ಣ ಮುಂದೆ ಬಂತು. ಒಪ್ಪಿಬಿಟ್ಟೆ. ಪಂಡಿತರೇ ಬೋರ್ಡು ಬರೆದರು. ಒಂದನ್ನು ಕಾಲೇಜಿನ ಗೇಟಿನಲ್ಲಿ, ಒಂದನ್ನು ಬಸ್‌ ಸ್ಟ್ಯಾಂಡಿನಲ್ಲಿ ಕಟ್ಟಿಸಿದೆವು. ದೊಡ್ಡ ಅಕ್ಷರದಲ್ಲಿ: “ಪ್ರಕೃತಿಯಲ್ಲಿ ದೈವದರ್ಶನ.” ಕೆಳಗೆ ಇರುವೆಯಷ್ಟು ಅಕ್ಷರದಲ್ಲಿ: “ಛಾಯಾಚಿತ್ರ ಪ್ರದರ್ಶನ.”

ಮೈಸೂರಿನಲ್ಲಿ ದೈವ ಎಂದರೆ ದೇವರು. ನಮ್ಮಲ್ಲಿ ದೇವರು ಬೇರೆ, ದೈವ ಬೇರೆ. ದೇವರು ಗುಡಿಯೊಳಗೆ ಸುಮ್ಮನಿರುತ್ತಾರೆ. ದೈವ ಹಾಗಲ್ಲ; ಪಾತ್ರಿಯ ಮೈಮೇಲೆ ಬಂದು ಮಾತಾಡುತ್ತದೆ, ನ್ಯಾಯ ಹೇಳುತ್ತದೆ. ಹಾಗೆ ಮೈಮೇಲೆ ಬರುವುದಕ್ಕೇ ನಾವು ‘ದರ್ಶನ’ ಎನ್ನುವುದು. ಇದು ಪುತ್ತೂರಿನ ಹಾಲು ಕುಡಿಯುವ ಮಗುವಿಗೂ ಗೊತ್ತು. ಹುಟ್ಟಿದಾರಭ್ಯ ನನಗೂ ಗೊತ್ತಿತ್ತು. ಆದರೆ ಎರಡು ವರ್ಷ ಪುಸ್ತಕದ ಕನ್ನಡ ಓದಿದ ಅಮಲಿನಲ್ಲಿ ಬೋರ್ಡು ನೋಡಿ, “ಆಹಾ, ಎಷ್ಟು ಗಂಭೀರವಾಗಿದೆ ಸರ್!” ಎಂದೆ.

ಪ್ರದರ್ಶನ ಬೆಳಿಗ್ಗೆ ಹತ್ತಕ್ಕೆ, ಉದ್ಘಾಟನೆ ಅಪ್ಪ ಬಂದ ಮೇಲೆ. ಅಪ್ಪ ಮತ್ತು ಭಾವ ಬರುವ ಬಸ್ಸು ಮಧ್ಯಾಹ್ನ ಮೂರಕ್ಕೆ. ನಾನು ಒಂದು ಕ್ಲಾಸಿನ ಗೋಡೆಗೆ ಐದು ಮೊಳೆ ಹೊಡೆದು, ಅಪ್ಪನಿಗೆ ಮೊದಲೇ ಹೇಳಿದ್ದಂತೆ ದಾರಿಯಲ್ಲಿ ಸಿಕ್ಕುವ ಕ್ರಮದಲ್ಲೇ ಐದು ಫೋಟೋ ತೂಗುಹಾಕಿದೆ. ಸ್ನಾನ ಮಾಡಿ ಬಿಳಿ ಮುಂಡು ಉಟ್ಟು ಬಾಗಿಲಲ್ಲಿ ನಿಂತೆ.

ಹತ್ತಕ್ಕೆ ಒಬ್ಬರೂ ಇರಲಿಲ್ಲ. ಹತ್ತೂವರೆಗೆ ಕಾಲಿಡಲು ಜಾಗ ಇರಲಿಲ್ಲ! ಎಲ್ಲರೂ ಚಪ್ಪಲಿ ಹೊರಗೆ ಬಿಟ್ಟು ಬಂದಿದ್ದರು. ಕೈಯಲ್ಲಿ ಬಾಳೆಎಲೆ, ಎಳನೀರು, ಅಡಕೆಯ ಹೂಗೊನೆ ಹಿಂಗಾರ. ಕಲೆಗೆ ಇಷ್ಟು ಮರ್ಯಾದೆ ಕೊಡುವ ಜನ ಇರುವ ಊರು ಬೇರೆ ಇದೆಯೇ ಎಂದು ನನ್ನ ಎದೆ ಉಬ್ಬಿತು. ಸವಣೂರಿನ ಒಬ್ಬರು ಅಜ್ಜಿ ನನ್ನ ಹತ್ತಿರ ಬಂದರು.

“ದರ್ಶನ ಎಷ್ಟು ಹೊತ್ತಿಗೆ ಮಗಾ?”

“ಆಗ್ತಾ ಉಂಟಲ್ಲ ಅಜ್ಜಿ. ಅದೋ, ಗೋಡೆಯಲ್ಲಿ.”

ಅಜ್ಜಿ ಗೋಡೆಯನ್ನು ನೋಡಿದರು. ನನ್ನನ್ನು ನೋಡಿದರು. “ಗೋಡೆಗೆ ದರ್ಶನ ಬರುದುಂಟಾ? ಪಾತ್ರಿ ಯಾರು?”

ಪಾತ್ರಿ! ಬೋರ್ಡು ಆಗ ನನಗೆ ಅರ್ಥವಾಯಿತು.

ತಕ್ಷಣ ಕುರ್ಚಿ ಹತ್ತಿ ನಿಂತೆ, ಎಲ್ಲರಿಗೂ ವಿವರಿಸಿ ಹೇಳೋಣ ಎಂದು. ಆದರೆ ನಾನು ನಾಲ್ಕು ಜನರೆದುರು ಮಾತಾಡಿದವನಲ್ಲ. ಬಾಯಿ ತೆರೆದೆ, ಮಾತು ಬರಲಿಲ್ಲ. ಕಾಲು ನಡುಗಿತು. ಆಮೇಲೆ ಕೈ. ಆಮೇಲೆ ಗಲ್ಲ. ಬಿಳಿ ಮುಂಡು ಉಟ್ಟವನು, ಆಗಷ್ಟೇ ಮಿಂದವನು, ನಿಂತಲ್ಲೇ ನಡುಗುತ್ತಿದ್ದೇನೆ!

“ಬಂತು! ಬಂತು!” ಎಂದು ಯಾರೋ ಕೂಗಿದರು. ದರ್ಶನ ಬಂದ ಪಾತ್ರಿಗೆ ಕೊಡುವಂತೆ ನನ್ನ ಎರಡೂ ಕೈಗೆ ಹಿಂಗಾರ ಬಂತು.

ಬೆಟ್ಟಂಪಾಡಿಯ ಐತ್ತಪ್ಪ ಮತ್ತು ಸುಬ್ಬಣ್ಣ ಎಂಬ ಇಬ್ಬರು, ಜನರನ್ನು ನೂಕಿಕೊಂಡು, ಮುಂದೆ ಬಂದರು. ಗಡಿಯ ಮೇಲೆ ಇರುವ ಒಂದು ಹಲಸಿನ ಮರಕ್ಕಾಗಿ ಏಳು ವರ್ಷದಿಂದ ಜಗಳವಂತೆ. ಇಬ್ಬರೂ ನನ್ನ ಒಂದೊಂದು ಕೈ ಹಿಡಿದುಕೊಂಡರು.

“ದೈವದ ನುಡಿ ಆಗ್ಬೇಕು! ಮರ ಯಾರದ್ದು?”

“ಬಿಡಿ! ಬಿಟ್ಟುಬಿಡಿ!” ಎಂದು ಕಿರುಚಿದೆ.

“ಕೇಳಿತಾ ಸುಬ್ಬಣ್ಣ? ಬಿಡ್ಬೇಕಂತೆ.”

“ಯಾರು ಬಿಡುದು? ನೀನು ಬಿಡುದು!”

“ಇಬ್ಬರೂ ಬಿಡಿ ಮಾರಾಯ್ರೆ!” ಎಂದೆ ಅಳುತ್ತಾ.

ಇಬ್ಬರೂ ನನಗೆ ಅಡ್ಡಬಿದ್ದು, ಒಬ್ಬರ ಹೆಗಲ ಮೇಲೆ ಒಬ್ಬರು ಕೈಹಾಕಿ ಹೊರಟುಹೋದರು. ಈಗ ಆ ಮರದ ಹಲಸನ್ನು ಇಬ್ಬರೂ ಮುಟ್ಟುವುದಿಲ್ಲವಂತೆ. ಮಂಗಗಳು ಸುಖವಾಗಿವೆ.

ಪಂಡಿತರು ಬಾಗಿಲಲ್ಲಿ ನಿಂತು, “ಎಂಥಾ ಜನ ಕಣಯ್ಯಾ! ಎಂಥಾ ರಸಿಕತೆ!” ಎಂದು ಕನ್ನಡಕ ಒರೆಸಿಕೊಳ್ಳುತ್ತಿದ್ದರು.

ಪಾತ್ರಿಯಾದ ನಾನು ಕುರ್ಚಿಯಿಂದ ಹಾರಿ ಮೇಜಿನಡಿಗೆ ನುಗ್ಗಿದ ಮೇಲೆ ಜನ ಫೋಟೋಗಳ ಕಡೆ ತಿರುಗಿದರು. ದರ್ಶನ ಆದಮೇಲೆ ಜಾಗಕ್ಕೆ ಪೂಜೆ ಆಗಬೇಡವೇ? ಹುತ್ತಕ್ಕೆ ಹಾಲೆರೆದರು. ಮರಕ್ಕೆ ಗಂಧ ಬಳಿದರು. ಒರತೆಯ ಮೇಲೆ ಎಳನೀರು ಚೆಲ್ಲಿತು. ಕಾಲೇಜಿನ ಜವಾನ ಹೆದರಿ ಆ ಮೂರನ್ನೂ ಕೆಳಗಿಳಿಸಿ, ಹಸಿಹಸಿಯಾಗಿಯೇ ಒಂದರ ಮೇಲೊಂದು ಇಟ್ಟ. ಅವು ಅಂಟಿಕೊಂಡು ಹಪ್ಪಳದ ಹಿಟ್ಟಿನಂತೆ ಆದವು. ಹೊಳೆಯ ಫೋಟೋವನ್ನು ಅಜ್ಜಿ ಪ್ರಸಾದವೆಂದು ಸುರುಳಿ ಸುತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡು ಹೋದರು. ಗುಡ್ಡೆಯದ್ದು ಯಾರು ಒಯ್ದರೋ ಇಂದಿಗೂ ಗೊತ್ತಿಲ್ಲ. ಕೊನೆಗೆ ಪ್ರಿನ್ಸಿಪಾಲರು ಬಂದು ಎಲ್ಲರನ್ನೂ ಹೊರಗೆ ಕಳಿಸಿ, ನನ್ನನ್ನು ಮೇಲಿಂದ ಕೆಳಗೆ ನೋಡಿ, “ಗುಡಿಸಿಟ್ಟು ಹೋಗು” ಎಂದಷ್ಟೇ ಹೇಳಿದರು.

ಗುಡಿಸಿದೆ. ಮೂರು ಗಂಟೆಗೆ ಆ ಗೋಡೆಯಲ್ಲಿ ಉಳಿದದ್ದು ಐದು ಮೊಳೆ.

ಅಪ್ಪ ಬಂದರು. ಇಸ್ತ್ರಿ ಮಾಡಿದ ಅಂಗಿ. ಒಂದು ಕೈ ಭಾವನ ಭುಜದ ಮೇಲೆ, ಇನ್ನೊಂದರಲ್ಲಿ ಕೊಡೆ. ಭಾವ ಗೋಡೆ ನೋಡಿ ಬಾಯಿ ತೆರೆದರು. ನಾನು ಸುಮ್ಮನಿರಿ ಎಂದು ಕೈಸನ್ನೆ ಮಾಡಿದೆ. ನೆಗೆಟಿವ್ ಸ್ಟುಡಿಯೋದಲ್ಲಿ ಇತ್ತಲ್ಲ. ವಾರದೊಳಗೆ ಇನ್ನೊಮ್ಮೆ ಮಾಡಿಸಿ ಮನೆಗೇ ತರುತ್ತೇನೆ ಅಪ್ಪ, ಇವತ್ತು ಹೀಗಾಯಿತು, ಎಂದು ಹೇಳಬೇಕು. ಮಾತುಗಳನ್ನು ಜೋಡಿಸಿಕೊಳ್ಳುತ್ತಿದ್ದೆ.

“ಈ ಗೋಡೆಯಾ?” ಎಂದರು ಅಪ್ಪ.

“ಹೌದಪ್ಪ, ಆದರೆ…”

ಅವರು ಆಗಲೇ ಕೊಡೆಯನ್ನು ನೆಲಕ್ಕೆ ತಾಗಿಸುತ್ತಾ ಹೋಗಿ ಮೊದಲ ಮೊಳೆಯ ಮುಂದೆ ನಿಂತಿದ್ದರು. ಕೊಡೆಯನ್ನು ಕಂಕುಳಿಗೆ ಸಿಕ್ಕಿಸಿ ಕೈಮುಗಿದರು.

“ಹುತ್ತ. ಚಂದ ಬಂದಿದೆ ಮಗಾ.”

ಅಪ್ಪ ಎರಡು ಹೆಜ್ಜೆ ಸರಿದರು.

“ಕಾಸರಕ. ಎಡಗಡೆಯ ಒಣಗಿದ ಗೆಲ್ಲೂ ಕಾಣ್ತದೆ, ನೋಡು.”

ಆ ಕೊಂಬೆ ಹಿಂದಿನ ಮಳೆಗಾಲದಲ್ಲೇ ಮುರಿದು ಬಿದ್ದಿತ್ತು. ಆ ಮರದ ಕೆಳಗೆ ಅಪ್ಪ ಎಷ್ಟು ತಿಂಗಳು ಏನೂ ಕಾಣದೆ ನಡೆದಿದ್ದರೋ! ಡಾಕ್ಟರು ಕೊಟ್ಟ ಮಳೆಗಾಲದ ಗಡುವನ್ನು ನಾನು ಬೆರಳಲ್ಲಿ ಎಣಿಸುತ್ತಿದ್ದೆ. ಅಪ್ಪನ ಮಟ್ಟಿಗೆ ಆ ಗಡುವು ಯಾವಾಗಲೋ ಮುಗಿದಿತ್ತು. ಭಾವ ಕಿಟಕಿಯ ಕಡೆ ಮುಖ ತಿರುಗಿಸಿಕೊಂಡರು.

ಒರತೆಗೆ ಕೈಮುಗಿದರು. “ನೀರು ಇಷ್ಟು ತಿಳಿಯಾಗಿ ಹೇಗೆ ತೆಗೆದಿ?” ಎಂದರು. ಹೊಳೆಗೆ ಕೈಮುಗಿದರು. ಐದನೆಯ ಮೊಳೆಯ ಮುಂದೆ ಬಹಳ ಹೊತ್ತು ನಿಂತರು.

“ಇದರಲ್ಲಿ ಎಂತದೂ ಇಲ್ಲ ಅಂತ ಜನ ಹೇಳಿಯಾರು. ನೀನು ತಲೆ ಕೆಡಿಸಬೇಡ.”

“ಇಲ್ಲಪ್ಪ” ಎಂದೆ.

ಎಲ್ಲವನ್ನೂ ಹೊಗಳಿದರೆ ನನಗೆ ಸಂಶಯ ಬಂದೀತು ಎಂದು ಅವರಿಗೆ ತೋರಿರಬೇಕು. ತಲೆಯನ್ನು ಸ್ವಲ್ಪ ವಾರೆ ಮಾಡಿ, ಫೋಟೋ ನೋಡಿ ಪಳಗಿದವರಂತೆ, “ನಡುವಿನದ್ದು ಮಾತ್ರ ಒಂದು ಚೂರು ಓರೆ ಆಗಿದೆ, ಅಲ್ವಾ?” ಎಂದರು.

ನಾನು ಗೋಡೆಯ ಹತ್ತಿರ ಹೋದೆ. ಮೂರನೆಯ ಮೊಳೆಯ ಕೆಳಗೆ, ಇಲ್ಲದ ಫೋಟೋವನ್ನು ಎರಡೂ ಕೈಯಿಂದ ಹಿಡಿದು, ಎಡಗಡೆ ಸ್ವಲ್ಪ ಎತ್ತಿ ನೇರ ಮಾಡಿದೆ.

“ಈಗ?”

“ಈಗ ಸರಿಯಾಯ್ತು” ಎಂದರು.

ಆ ಇಡೀ ದಿನದಲ್ಲಿ ನಾನು ಸರಿಯಾಗಿ ಮಾಡಿದ ಕೆಲಸ ಅದೊಂದೇ.